ಗರ್ಡರಿನ ಮೇಲೆ ಒಂಬತ್ತು ಬೆರಳು

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಕಲೇಶಪುರದ ಘಾಟಿಯಲ್ಲಿ ಮೀಟರ್‌ಗೇಜ್ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕುತ್ತಿದ್ದ ಕಾಲ. ಕಾಡಿನ ನಡುವಿನ ಒಂದು ಕಬ್ಬಿಣದ ಸೇತುವೆಗೆ ಪೇಂಟಿಂಗ್ ಸೂಪರ್‌ವೈಸರ್ ಆಗಿ ಬಂದೆ. ಅದಕ್ಕೂ ಮೊದಲು ಹತ್ತು ವರ್ಷ ಕಡಲತೀರದ ಡ್ರೈಡಾಕಿನಲ್ಲಿದ್ದೆ. ಹಡಗನ್ನು ಒಳಗೆ ತಂದು, ನೀರು ಬಸಿದು, ಅದರ ಹೊಟ್ಟೆಯನ್ನು ಬಣ್ಣಕ್ಕೆ ಅಣಿಮಾಡುವ ಜಾಗ ಅದು. ಮೊದಲು ಸಿಹಿನೀರಲ್ಲಿ ಉಪ್ಪು ತೊಳೆದು, ಆಮೇಲೆ ಗ್ರಿಟ್ ಬ್ಲಾಸ್ಟಿಂಗ್, ಅಂದರೆ ಗಾಳಿಯ ರಭಸಕ್ಕೆ ಹರಳು ಚಿಮ್ಮಿಸಿ ತುಕ್ಕು ಕೀಳುವುದು. ಬೆತ್ತಲಾದ ಉಕ್ಕು ಮತ್ತೆ ತುಕ್ಕು ಹಿಡಿಯುವ ಮೊದಲೇ ಮೊದಲ ಲೇಪದ ಪ್ರೈಮರ್ ಬೀಳಬೇಕು. ಸೇತುವೆಗೂ ಅದೇ ನಿಯಮ.

ನಾನು ಅಲ್ಲೇ ಹತ್ತಿರದ ಬೆಳಗೋಡಿನವನೇ. ಆದರೂ ಕೆಲಸಗಾರರ ಪಾಲಿಗೆ ‘ಹಡಗಿನೋನು’. ಅವರ ಮೇಸ್ತ್ರಿ ಹಾನುಬಾಳಿನ ಪುಟ್ಟೇಗೌಡ. ಅವನು ಕೆಮ್ಮಿದರೆ ಸಾಕು, ಎಲ್ಲರೂ ಎದ್ದು ನಿಲ್ಲುತ್ತಿದ್ದರು. ನಾನು ಗಂಟಲು ಹರಿದುಕೊಂಡರೂ ಯಾರ ಬೀಡಿಯೂ ಮುಗಿಯುತ್ತಿರಲಿಲ್ಲ. ಚಹಾ ಬಂದರೆ ಮೊದಲ ಲೋಟ ಅವನಿಗೆ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ಉರಿಯುತ್ತಿತ್ತು. ಅದರ ಮೇಲೆ ಇಂಜಿನಿಯರ್ ಸಾಹೇಬರು ಸೇತುವೆಯ ಒಂದೊಂದು ಭಾಗವನ್ನು ನಮ್ಮಿಬ್ಬರಿಗೂ ವಹಿಸಿ, ಯಾರ ಬಣ್ಣ ನಿಲ್ಲುತ್ತದೋ ಅವರಿಗೆ ಮುಂದಿನ ಸೇತುವೆಗಳ ಉಸ್ತುವಾರಿ ಎಂದರು. ಅದು ಕೈತಪ್ಪಿದರೆ ನಾನು ಮತ್ತೆ ಡಾಕಿಗೆ ಹೋಗಬೇಕಿತ್ತು. ಊರ ಹತ್ತಿರ ಉಳಿಯುವ ಆಸೆ ಅಲ್ಲಿಗೆ ಮುಗಿದಂತೆ.

ನನ್ನ ಭಾಗಕ್ಕೆ ಹತ್ತುವವರಿಗೆಲ್ಲ ಕ್ಯಾನ್ವಾಸ್ ಬೂಟು ಹಾಕಿಸಿ ಬ್ಲಾಸ್ಟಿಂಗ್ ಮಾಡಿಸಿದೆ. ಪುಟ್ಟೇಗೌಡನ ಆಳುಗಳು ತೂಗುಹಲಗೆಯಲ್ಲಿ ಕೂತು ತಂತಿ ಬ್ರಷ್ಷಿನಿಂದ ಉಜ್ಜಿದರು. ಅವನು ಕೆಳಗೆ ನಿಂತು ಕೂಗುತ್ತಿದ್ದ.

ಕೆಲವು ವಾರ ಕಳೆದವು. ಸಾಹೇಬರು ನೋಡಲು ಬರುವ ಹಿಂದಿನ ದಿನ ನನ್ನ ಭಾಗದ ಉದ್ದನೆಯ ಉಕ್ಕಿನ ಗರ್ಡರಿನ ಮೇಲೆ ಬಣ್ಣ ಹಪ್ಪಳದಂತೆ ಎದ್ದಿತ್ತು. ಅವನ ಕಡೆ ಒಂದು ಚೂರೂ ಎದ್ದಿರಲಿಲ್ಲ. ಮಂಡಿಯೂರಿ ನೋಡಿದೆ. ಎದ್ದದ್ದೆಲ್ಲ ಹೆಜ್ಜೆಯ ಆಕಾರದಲ್ಲಿತ್ತು, ಎಡಗಾಲಿನ ಗುರುತಿನಲ್ಲಿ ಕಿರುಬೆರಳಿರಲಿಲ್ಲ. ಹಾರೆ ಬಿದ್ದು ಆ ಬೆರಳು ಕಳೆದುಕೊಂಡವನು ಪುಟ್ಟೇಗೌಡ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಕಡೆ ಕಾಡುದಾರಿಯಲ್ಲಿ ನಡೆಯುವವರು ರಕ್ತ ಹೀರುವ ಇಂಬಳ ಹತ್ತದಿರಲೆಂದು ಬೇವಿನೆಣ್ಣೆಗೆ ಹೊಗೆಸೊಪ್ಪು ಕಲಸಿ ಕಾಲಿಗೆ ಬಳಿದುಕೊಳ್ಳುತ್ತಾರೆ. ಎಣ್ಣೆ ತಾಗಿದ ಉಕ್ಕಿಗೆ ಬಣ್ಣ ಕಚ್ಚುವುದಿಲ್ಲ. ಬೂಟು ಹಾಕಿ ಹಾಕಿ ನಾನು ಇಂಬಳವನ್ನೇ ಮರೆತಿದ್ದೆ.

ಬೇಕೆಂದೇ ತುಳಿದಿದ್ದಾನೆ ಎಂದುಕೊಂಡು, ಕುದಿಯುತ್ತ ಅವನನ್ನು ಮೇಲಕ್ಕೆ ಕರೆಸಿದೆ.

“ಗೌಡ್ರೇ, ಚಪ್ಪಲಿ ಬಿಟ್ಟು ಇದ್ರ ಮೇಲೆ ಕಾಲಿಡಿ.”

ಇಟ್ಟ. ಅಳತೆ ತೆಗೆದಂತೆ ಕೂತಿತು. ಅವನ ಮುಖ ಕಪ್ಪಿಟ್ಟಿತು.

“ನಂದೇ ಕಣ್ರೀ. ನೀವೆಲ್ಲ ಊಟಕ್ಕೆ ಇಳ್ದಾಗ ಚಪ್ಲಿ ಬಿಟ್ಟು ಹತ್ತಿ ನೋಡ್ತಿದ್ದೆ. ಕಬ್ಣಾನ ಬೆಳ್ಳಿ ಹಂಗೆ ಮಾಡ್ಬುಡ್ತಿದ್ರಿ. ಹೊಟ್ಟೆಕಿಚ್ಚು ಮಾರಾಯ್ರೇ, ತಡ್ಕಳಕ್ಕಾಗ್ಲಿಲ್ಲ. ಕೆಡ್ಸಕ್ಕೆ ಹತ್ತಿದ್ದಲ್ಲ, ಎಣ್ಣೆ ನೆನ್ಪಾಗ್ಲಿಲ್ಲ.”

ನನ್ನ ಕೆಲಸ ಕಂಡು ಯಾರಾದರೂ ಉರಿದುಕೊಳ್ಳಬಹುದೆಂದು ನಾನು ಎಣಿಸಿಯೇ ಇರಲಿಲ್ಲ.

ಮರುದಿನ ನಾನು ಬಾಯಿ ತೆರೆಯುವ ಮೊದಲೇ ಅವನು ಸಾಹೇಬರ ಮುಂದೆ ನಿಂತ. “ಇವ್ರ ಕೆಲ್ಸ ಸರಿಯಾಗೇ ಐತೆ ಸಾರ್. ತುಳ್ದು ಕೆಡ್ಸಿದ್ದು ನಾನು.” ಉಸ್ತುವಾರಿ ನನಗೆ ಬಂತು. ಆದರೆ ಆಳುಗಳೆಲ್ಲ ನೋಡುತ್ತಿದ್ದುದು ಅವನನ್ನೇ. ಅದಕ್ಕೂ ಹೊಟ್ಟೆ ಉರಿಯಿತು.

ಉಕ್ಕನ್ನು ಎಷ್ಟೇ ಉಜ್ಜಿದರೂ, ಅದರ ಮೇಲೆ ಓಡಾಡುವವರು ಯಾವ ದಾರಿ ತುಳಿದು ಬಂದರೆಂದು ತಿಳಿಯದೆ ಬಣ್ಣ ಹಚ್ಚಬಾರದು. ಹತ್ತು ವರ್ಷದ ಡಾಕು ಕಲಿಸದ್ದನ್ನು ಆ ಸೇತುವೆ ಕಲಿಸಿತು.

ಮುಂದಿನ ಸೇತುವೆಯಲ್ಲಿ ಏಣಿಯ ಬುಡಕ್ಕೆ ಸೋಪಿನ ನೀರಿನ ಡ್ರಮ್ಮು ಇಡಿಸಿದೆ. ನಾನು ಎಷ್ಟು ಹೇಳಿದರೂ ಒಬ್ಬನೂ ಅತ್ತ ಸುಳಿಯಲಿಲ್ಲ. ಪುಟ್ಟೇಗೌಡ ಒಮ್ಮೆ ಕೆಮ್ಮಿ, “ಕಾಲು ತೊಳ್ಕಂಡು ಹತ್ರೋ” ಎಂದ. ಸಾಲು ನಿಂತಿತು. ಬೂಟು ಬಿಚ್ಚಿ ನಾನೂ ಕೊನೆಯಲ್ಲಿ ನಿಂತೆ. ಚಹಾದ ಮೊದಲ ಲೋಟ ಅವತ್ತೂ ಅವನಿಗೇ ಹೋಯಿತು.