ಗುಡ್ಡದ ಮೇಲಿನ ಚೌಕಗಳು

ಗೋಕುಳ ಶಿರಗಾಂವದ ವರ್ಕ್‌ಶಾಪಿನಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಓದಿ ಕೆಲಸಗಾರರಿಗೆ ಕೆಲಸ ಒಪ್ಪಿಸುವುದು ನನ್ನ ಉದ್ಯೋಗ. ಗೆರೆಗಳೆಂದರೆ ಮೊದಲಿನಿಂದಲೂ ಇಷ್ಟ. ಈಚೆಗೆ ಬ್ರಿಟಿಷರ ಕಾಲದ ಸರ್ವೇ ನಕಾಶೆಯೊಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕಾಗ, ನೂಲ ಗ್ರಾಮದ ಆಚೆಗಿರುವ ನಮ್ಮ ಊರನ್ನು ಹುಡುಕಿದೆ. ಊರಿತ್ತು, ಹಳ್ಳವಿತ್ತು. ಹಿಂದಿನ ಗುಡ್ಡದ ಮೇಲೆ ಒಂದಿಷ್ಟು ಕಪ್ಪು ಚೌಕಗಳೂ ಇದ್ದವು. ಚೌಕವೆಂದರೆ ಮನೆ. ಆ ಗುಡ್ಡದಲ್ಲಿ ನಾನು ಹುಲ್ಲನ್ನಲ್ಲದೆ ಬೇರೇನೂ ಕಂಡವನಲ್ಲ.

ರವಿವಾರ ನಕಾಶೆಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿಕೊಂಡು ಊರಿಗೆ ಹೋದೆ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು.

"ಅತ್ತಿ, ಗುಡ್ಡದ ಮ್ಯಾಲ ಯಾರರ ಇದ್ರೇನ?"

"ನಮ್ಮಜ್ಜಿ ಹುಟ್ಟಿದ್ದ ಅಲ್ಲೇ ಅಂತಿದ್ಲು. ನಾವ್ಯಾರೂ ನಂಬಲಿಲ್ಲ. ನೀರಿಲ್ಲದ ಗುಡ್ಡದಾಗ ಯಾರ ಮನಿ ಕಟ್ತಾರೋ?"

ಹಾಳೆ ಬಿಚ್ಚಿ ತೋರಿಸಿದೆ. ಚೌಕಗಳಿಂದ ಹೊರಟ ಕಾಲುಹಾದಿಯೊಂದು ಸ್ವಲ್ಪ ಕೆಳಗಿಳಿದು ಅಲ್ಲಿಯೇ ನಿಂತುಬಿಟ್ಟಿತ್ತು. ಗುಡ್ಡದ ಎತ್ತರ ತೋರುವ ಗೆರೆಗಳೆಲ್ಲ ಆ ಜಾಗದಲ್ಲಿ ಒಳಕ್ಕೆ ಬಾಗಿದ್ದವು. ಅಂದರೆ ಅಲ್ಲೊಂದು ಕೊರಕಲಿರಬೇಕು.

"ಸುಮ್‌ಸುಮ್ನ ಯಾರೂ ಹಾದಿ ಮಾಡೂದಿಲ್ಲ," ಎಂದು ಅತ್ತೆ ಸೆರಗು ಸಿಕ್ಕಿಸಿದಳು. "ನಡಿ, ನೋಡಕೊಂಡ ಬರೂಣು."

ಗುಡ್ಡದ ಮೇಲೆ ಹುಲ್ಲಿನ ಸಂದಿಯಲ್ಲಿ ತಳಪಾಯದ ಕಲ್ಲುಗಳ ಸಾಲು ಕಂಡಿತು. ಕೊರಕಲಿಗೆ ಇಳಿದಾಗ ಬಂಡೆಯ ಬುಡದ ಮಣ್ಣು ಕಪ್ಪಗಿತ್ತು. ಅತ್ತೆ ಕೋಲಿನಿಂದ ಕೆದರಿದಳು. ರಾಡಿನೀರು ಮೆಲ್ಲಗೆ ಒಸರಿತು. ತಿಳಿಯಾಗುವವರೆಗೆ ಕಾದು, ಬೊಗಸೆಯಲ್ಲಿ ಹಿಡಿದು ರುಚಿ ನೋಡಿದಳು.

"ಸವಳಿಲ್ಲೋ! ಸೀ ಐತಿ!" ಎಂದು ನಕ್ಕವಳು ಮರುಕ್ಷಣವೇ ಹುಬ್ಬು ಗಂಟಿಕ್ಕಿದಳು. "ಮತ್ತ ನೀರ ಇದ್ದೂ ಯಾಕ ಇಳದ ಬಂದ್ರು?"

ಇಳಿದವಳು ಮನೆಗೆ ಹೋಗದೆ, ಊರಿನ ಎಲ್ಲರಿಗಿಂತ ಹಿರಿಯ ಮುದುಕಿಯ ಹೊಸ್ತಿಲಲ್ಲಿ ಕುಳಿತು ಅದನ್ನೇ ಕೇಳಿದಳು.

"ಕೆಳಗ ಸಂತಿ ಹಾದಿ ಆತಲ್ಲ," ಎಂದಳು ಮುದುಕಿ. "ಮ್ಯಾಲ ಚಕ್ಕಡಿ ಹತ್ತತಿರಲಿಲ್ಲಂತ. ಒಬ್ಬೊಬ್ಬರ ಇಳದ ಬಂದ್ರು. ಬಾಗಲಾ, ತೊಲಿ ಎಲ್ಲಾ ಹೊತಗೊಂಡ. ನಿಮ್ಮನ್ಯಾನ ತೊಲಿನೂ ಅಲ್ಲೀದ ಇರಬೇಕ ನೋಡ್ರಿ."

ಮನೆಗೆ ಬಂದು ಅತ್ತೆ ದೀಪ ಹಾಕಿದಳು. ನಾನು ಸ್ಟೂಲು ಹತ್ತಿದೆ. ನಡುಮನೆಯ ತೊಲೆಯ ಹೊಗೆಮಸಿ ಒರೆಸಿದಾಗ, ಈಗಿನ ಯಾವ ಜಂತಿಗೂ ಹೊಂದದ ಹಳೆಯ ಗೂಟದ ತೂತುಗಳು ಕಂಡವು. ಈ ತೊಲೆ ಮೊದಲು ಬೇರೊಂದು ಮನೆಯನ್ನು ಹೊತ್ತಿತ್ತು.

"ನಾನೂ ಮುಟ್ತೀನಿ, ಇಳಿ," ಎಂದಳು ಅತ್ತೆ. ಅವಳು ಹತ್ತಿ ಒಂದೊಂದೇ ತೂತಿನಲ್ಲಿ ಬೆರಳಿಟ್ಟು ನೋಡುವಾಗ ನಾನು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.