ಊರಿಗಾಂ: ಸಮಾಧಿಯಿಲ್ಲದವರ ಹಬ್ಬ

ನವೆಂಬರ್ ಮೊದಲ ದಿನ ಬೆಳಿಗ್ಗೆ ನಾನು ಬೆಂಗಳೂರಿನಿಂದ ಹೊರಟೆ. ರಾಜ್ಯೋತ್ಸವದ ರಜೆಯಾದರೂ ಎದುರು ದಿಕ್ಕಿನಿಂದ ಬಂದ ರೈಲುಗಳ ಬಾಗಿಲುಗಳಲ್ಲಿ ಜನ ಜೋತಾಡುತ್ತಿದ್ದರು. ಚಿನ್ನ ಬರಿದಾಗಿ ಗಣಿ ಮುಚ್ಚಿದ ಮೇಲೆ ಊರಿಗಾಂ, ಆಂಡರ್ಸನ್‌ಪೇಟೆಗಳ ಮನೆಗಳಿಂದ ನಸುಕಿಗೇ ಎದ್ದು, ರಾಜಧಾನಿಯ ಕಚೇರಿಗಳ ನೆಲ ಒರೆಸಲು ಹೋಗುವ ಜನ ಅವರು. ಅವರಲ್ಲಿ ಒಬ್ಬರಾದ ಸ್ಟೆಲ್ಲಾ ನನಗೆ ಕಾರ್ಮಿಕ ಮಹಿಳೆಯರ ಸಭೆಯೊಂದರಲ್ಲಿ ಪರಿಚಯವಾಗಿದ್ದರು. ಶಾಲೆಗಳಲ್ಲಿ ತೋರಿಸಲು ಗೆಳೆಯರ ಬಳಗವೊಂದು ಸಿದ್ಧಪಡಿಸುತ್ತಿದ್ದ ಛಾಯಾಚಿತ್ರ ಪ್ರದರ್ಶನಕ್ಕಾಗಿ ನಾನು ಊರಿಗಾಂನ ಚರ್ಚುಗಳನ್ನೂ ನೆಲವನ್ನೂ ಚಿತ್ರಿಸಬೇಕಿತ್ತು. "ಎರಡನೇ ತಾರೀಖು ಸಮಾಧಿ ಹಬ್ಬಕ್ಕೆ ಬನ್ನಿ ಅಕ್ಕ, ನಾನೂ ರಜಾ ಹಾಕ್ತೀನಿ" ಎಂದು ಸ್ಟೆಲ್ಲಾ ಕರೆದಿದ್ದರು.

ಬಂಗಾರಪೇಟೆಯಲ್ಲಿ ರೈಲು ಬದಲಿಸಬೇಕು. ಮಾರಿಕುಪ್ಪಂ ಗಾಡಿ ತಡವಾಗಿದ್ದರಿಂದ ಮಾರುಕಟ್ಟೆಯವರೆಗೆ ನಡೆದು, ಈ ಊರಿಗೇ ವಿಶಿಷ್ಟವಾದ, ಬಣ್ಣವಿಲ್ಲದ ತಿಳಿನೀರಿನ ಪಾನಿಪುರಿ ತಿಂದೆ. ಕಣ್ಣಲ್ಲಿ ನೀರು ಬರುವಷ್ಟು ಖಾರ. ಅಲ್ಲಿಂದ ಊರಿಗಾಂಗೆ ಹತ್ತು ಹನ್ನೆರಡು ಕಿಲೋಮೀಟರ್. ದಾರಿಯಲ್ಲಿ ಕಿಟಕಿಯ ತುಂಬ ಸೈನೈಡ್ ದಿಬ್ಬಗಳು ಕಾಣಿಸಿಕೊಂಡವು: ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಬೂದು ಪುಡಿಯ ಬೆಟ್ಟಗಳು. ಗಾಳಿಯ ದಿನಗಳಲ್ಲಿ ಆ ಪುಡಿ ಅನ್ನದ ತಟ್ಟೆಗೂ ಮಕ್ಕಳ ಎದೆಗೂ ಇಳಿಯುತ್ತದೆ. ಪ್ರವಾಸಿಗರು ಅವುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ನಾನೂ ತೆಗೆದೆ, ಆದರೆ ದಿಬ್ಬದ ಬುಡದಲ್ಲಿದ್ದ ಮನೆಗಳು ಚೌಕಟ್ಟಿನಿಂದ ಹೊರಗುಳಿಯದಂತೆ ನೋಡಿಕೊಂಡೆ.

ಮೊದಲು ಹೋದದ್ದು ಗಣಿಯ ಬಿಳಿ ದೊರೆಗಳು ಕಟ್ಟಿಸಿಕೊಂಡ ಚರ್ಚಿಗೆ. ಕಲ್ಲಿನ ಗೋಡೆ, ಬಣ್ಣದ ಗಾಜು, ಹಂಚಿನ ಕಡಿದಾದ ಮಾಡು. ಒಳಗೆ ಜ್ವರದಿಂದ ತೀರಿಕೊಂಡ ಎಂಜಿನಿಯರನಿಗೆ ಒಂದು, ಅವನ ಹಸುಗೂಸಿಗೆ ಒಂದು ಅಮೃತಶಿಲೆಯ ಫಲಕ. ಆ ಕೂಸಿನ ಸಾವಿಗೆ ನಾನು ಮರುಗಿದೆ. ಆದರೆ ಭೂಮಿಯ ಆಳದಲ್ಲಿ ಬಂಡೆ ಸಿಡಿದು ಸತ್ತವರಲ್ಲಿ ಒಬ್ಬರ ಹೆಸರೂ ಆ ಗೋಡೆಯ ಮೇಲಿರಲಿಲ್ಲ. ಕಾರ್ಮಿಕರ ಚರ್ಚು ಲೈನುಗಳ ನಡುವೆ, ಅಂದರೆ ಒಂದಕ್ಕೊಂದು ಬೆನ್ನು ತಾಗಿಸಿ ನಿಂತ ಒಂಟಿ ಕೋಣೆಯ ಮನೆಸಾಲುಗಳ ನಡುವೆ ಇದೆ. ಅದಕ್ಕೆ ತಗಡಿನ ಮಾಡು. ಅದರ ಹಿಂದಿನ ಸ್ಮಶಾನದಲ್ಲಿ ಅಡ್ಡಗೋಡೆಯೊಂದರ ಬುನಾದಿ ಕಂಡಿತು.

"ಜಾತಿ ಗೋಡೆ, ಮೇಡಂ" ಎಂದರು ಸ್ಮಶಾನ ತೋರಿಸಲು ಜೊತೆಗೆ ಬಂದಿದ್ದ ಆ ಚರ್ಚಿನ ಯುವ ಪಾದ್ರಿ. "ಮಳೆಗೆ ಬಿತ್ತಂತೆ. ಪುಣ್ಯಕ್ಕೆ ಯಾರೂ ಮತ್ತೆ ಕಟ್ಟಲಿಲ್ಲ."

"ಯಾರೂ ಕೆಡವಲೂ ಇಲ್ಲ, ಫಾದರ್" ಎಂದೆ. ಅವರು ಒಪ್ಪಿ ತಲೆಯಾಡಿಸಿದರು.

ಸ್ಟೆಲ್ಲಾರ ಮನೆ ಅದೇ ಲೈನಿನಲ್ಲಿದೆ. ಒಣಮೀನಿನ ಸಾರು, ಅನ್ನ ಬಡಿಸುತ್ತ ಅವರ ಅತ್ತೆ ಆರೋಗ್ಯಮ್ಮ ತಮ್ಮ ಕಥೆ ಹೇಳಿದರು. ಹಬ್ಬದ ದಿನ ಪ್ರತಿ ಕುಟುಂಬವೂ ತನ್ನ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಕಾಯುತ್ತದೆ. ಪಾದ್ರಿ ಒಂದೊಂದರ ಬಳಿಯೂ ನಿಂತು, ಸತ್ತವರ ಹೆಸರು ಹೇಳಿ ಪವಿತ್ರ ಜಲ ಚಿಮುಕಿಸುತ್ತಾರೆ. ಆರೋಗ್ಯಮ್ಮನವರಿಗೆ ಸುಣ್ಣ ಬಳಿಯಲು ಸಮಾಧಿಯೇ ಇಲ್ಲ. ಅವರ ಗಂಡ ಪಾಳಿಗೆ ಇಳಿದ ದಿನ ಬಂಡೆ ಸಿಡಿದು ಸುರಂಗ ಮುಚ್ಚಿಹೋಯಿತು. ದೇಹ ಮೇಲೆ ಬರಲಿಲ್ಲ. ಅಂಥವರಿಗೆಂದು ಸ್ಮಶಾನದ ನಡುವೆ ಒಂದು ದೊಡ್ಡ ಶಿಲುಬೆ ಇದೆ. ಇಷ್ಟು ವರ್ಷ ಅವರು ಅದರ ಬುಡದಲ್ಲೇ ಬತ್ತಿ ಹಚ್ಚಿದ್ದರು.

"ಅವ್ರು ಅಲ್ಲಿಲ್ಲ ಕಣಮ್ಮ" ಎಂದರು ಆರೋಗ್ಯಮ್ಮ. "ಇಲ್ಲದ ಮನೆ ಬಾಗ್ಲು ತಟ್ಟಿದಂಗೆ. ಈ ಸಲ ಪಾದ್ರಿ ಸಾಮಿ ಗಣಿ ಬಾಯಿಗೇ ಬತ್ತೀನಿ ಅಂದವ್ರೆ. ವಾಚ್‌ಮನ್ನೂ ಊಂ ಅಂದವ್ನೆ. ನನ್ ಮೊಣಕಾಲು ಮುಂದಿನ ವರ್ಷಕ್ಕೆ ಇರ್ತದೋ ಇಲ್ವೋ."

ಪ್ರಾರ್ಥನೆಯಿಂದ ನ್ಯಾಯ ದೊರೆಯುತ್ತದೆ ಎಂದು ನಾನು ನಂಬಿದವಳಲ್ಲ. ಆದರೂ ಗಣಿ ಬಾಯಿಯಲ್ಲಿ ಆಕೆ ಬತ್ತಿ ಹಚ್ಚುವ ಚಿತ್ರ, ಪ್ರದರ್ಶನದ ಮೊದಲ ಗೋಡೆಯ ಮೇಲೆ ಇರಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆ. ಸಂಜೆಯ ಬೆಳಕಿದ್ದಾಗಲೇ ಜಾಗ ನೋಡಿಬರಲು ಒಬ್ಬಳೇ ಹೊರಟೆ. ಬೇಲಿಯ ಆಚೆ ಗಣಿ ಬಾಯಿಯ ಕಬ್ಬಿಣದ ಗೋಪುರ ತುಕ್ಕು ಹಿಡಿದು ನಿಂತಿತ್ತು. ಕ್ಯಾಮೆರಾ ಎತ್ತಿದ್ದೇ ತಡ, ಗೇಟಿನ ಗೂಡಿನಿಂದ ಕಾವಲುಗಾರ ನಾರಾಯಣಪ್ಪ ಓಡಿಬಂದರು. ಬಂಗಾರಪೇಟೆ ಕಡೆಯ ಹಳ್ಳಿಯವರು.

"ಏನ್ ಮೇಡಂ, ಫೋಟೋ ತೆಗೀಬಾರ್ದು ಅಂತ ಬೋರ್ಡು ಕಾಣಾಕಿಲ್ವಾ? ಓದಿದೋರು ಬೇರೆ!"

ಸಾರ್ವಜನಿಕ ರಸ್ತೆಯಲ್ಲಿ ನಿಂತು ಚಿತ್ರ ತೆಗೆಯುವುದು ನನ್ನ ಹಕ್ಕು, ಇಲ್ಲಿ ಸತ್ತವರನ್ನು ಮರೆಮಾಡುವ ಹಕ್ಕು ಯಾರಿಗೂ ಇಲ್ಲ ಎಂದೆ. ನಾಳೆ ವೃದ್ಧೆಯೊಬ್ಬರು ಇಲ್ಲಿಗೇ ಬರುತ್ತಾರೆ, ಅದನ್ನೂ ಚಿತ್ರಿಸುತ್ತೇನೆ ಎಂದೂ ಸೇರಿಸಿದೆ.

ಅವರ ಮುಖ ಬಿಗಿಯಿತು. "ಓ, ಅದ್ಕಾ ಬಂದಿರಾದು? ಓದ್ ಸಲ ಯಾವನೋ ಫೋಟೋ ಇಡ್ದು ಫೋನಾಗೆ ಬಿಟ್ಟ. ನನ್ ಜತೆಗಿದ್ದೋನ್ನ ಕೆಲ್ಸದಿಂದ ತೆಗುದ್ರು. ನಿಮ್ ಅಕ್ಕು ನಿಮ್ಗೆ ಚಂದ. ನಾಳೆ ಯಾರೂ ಬರ್ಬ್ಯಾಡಿ ಅಂತ ಆ ಅಮ್ಮುಂಗೆ ಯೋಳ್ಬುಡಿ, ಓಗಿ."

ನಾನು ಆಡಿದ ಮಾತುಗಳಲ್ಲಿ ಯಾವುದೂ ಸುಳ್ಳಾಗಿರಲಿಲ್ಲ. ಆದರೆ ಅದರ ಬೆಲೆ ತೆರಬೇಕಾದವರು ಆರೋಗ್ಯಮ್ಮ. ಹಿಂತಿರುಗಿ ವಿಷಯ ತಿಳಿಸಿದಾಗ ಸ್ಟೆಲ್ಲಾ ಕುಕ್ಕರಿನ ಮುಚ್ಚಳವನ್ನು ಸದ್ದಾಗುವಂತೆ ನೆಲಕ್ಕಿಟ್ಟರು. "ಎಂಟು ದಿನ ಟೀ ಕುಡಿಸಿ ಒಪ್ಪಿಸಿದ್ದೆ ಅಕ್ಕ, ಆ ಮನುಷ್ಯನ್ನ." ಆರೋಗ್ಯಮ್ಮ ಮಾತ್ರ ಬೈಯಲಿಲ್ಲ. ಮರುದಿನಕ್ಕೆಂದು ತಂದಿದ್ದ ಸೇವಂತಿಗೆಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿದರು.

ಮರುದಿನ ಬೆಳಗಾದಾಗ ಹಿಂಗಾರಿನ ಜಡಿಮಳೆ. ನಾನು ನೇರವಾಗಿ ಗೇಟಿಗೆ ಹೋಗಿ ಕ್ಯಾಮೆರಾವನ್ನೂ ಫೋನನ್ನೂ ನಾರಾಯಣಪ್ಪನವರ ಮೇಜಿನ ಮೇಲಿಟ್ಟೆ. "ಇವು ನಿಮ್ಮ ಹತ್ತಿರವೇ ಇರಲಿ. ಆ ಅಮ್ಮನನ್ನು ಒಳಗೆ ಬಿಡಿ" ಎಂದೆ.

ಅವರು ಕ್ಯಾಮೆರಾವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಬೀಗ ಆಕ್ತೀನಿ ಮತ್ತೆ" ಎಂದು ಎರಡನ್ನೂ ಪೆಟ್ಟಿಗೆಯೊಳಗಿಟ್ಟು ಕೀಲಿ ತಿರುವಿದರು. "ಮಧ್ಯಾಹ್ನ ಊಟದ ವತ್ನಾಗೆ ಬಂದ್ಬುಡ್ಲಿ. ಬಿರ್‍ನೆ ಮುಗಿಸ್ಬೇಕು."

ಸ್ಮಶಾನದಲ್ಲಿ ಪಾದ್ರಿಯನ್ನು ಜನ ಒಂದು ಸಮಾಧಿಯಿಂದ ಇನ್ನೊಂದಕ್ಕೆ ಎಳೆದಾಡುತ್ತಿದ್ದರು. ಸ್ಟೆಲ್ಲಾ ಪಾದ್ರಿಯ ಬಿಳಿ ನಿಲುವಂಗಿಯ ತೋಳು ಹಿಡಿದು, ಅಕ್ಷರಶಃ ಎಳೆದುಕೊಂಡೇ ಹೊರಗೆ ತಂದರು. ಆಟೋ ಗೇಟಿನ ಬಳಿ ನಿಂತಾಗ ನಾರಾಯಣಪ್ಪ ಒಂದು ತೆಂಗಿನಕಾಯಿ ಹಿಡಿದು ಕಾಯುತ್ತಿದ್ದರು.

"ಚಪ್ಲಿ ಬಿಟ್ಬನ್ನಿ ಸ್ವಾಮೇರೆ. ಗಣಿ ಬಾಯಾಗೆ ಅಮ್ಮನ ಗುಡಿ ಐತೆ."

ಪಾದ್ರಿ ಹಿಂಜರಿದು ಆರೋಗ್ಯಮ್ಮನವರತ್ತ ನೋಡಿದರು.

"ಬಿಡಿ ಸಾಮಿ" ಎಂದರು ಆಕೆ. "ಅವ್ರೂ ಶಿಲುಬೆ ಗುರ್ತು ಹಾಕ್ಕೊಂಡು, ಆ ಅಮ್ಮನಿಗೂ ಕೈ ಮುಗ್ದೇ ಇಳೀತಾ ಇದ್ದಿದ್ದು. ಒಳಗೆ ಕತ್ಲೆ ಅಲ್ವಾ, ಯಾರು ಕಾಯ್ತಾರೋ ಯಾರ್ ಕಂಡ್ರು?"

ಪಾದ್ರಿ ನಕ್ಕು ಚಪ್ಪಲಿ ಬಿಟ್ಟರು. ನಾರಾಯಣಪ್ಪ ಕಾಯಿ ಒಡೆದರು. ಒಳಬೇಲಿಯ ತಂತಿಗೆ ಆರೋಗ್ಯಮ್ಮ ಹೂವು ಸಿಕ್ಕಿಸಿದರು. ಮಳೆಗೆ ಬತ್ತಿ ನಿಲ್ಲಲಿಲ್ಲ. ಸ್ಟೆಲ್ಲಾ ಕೊಡೆ ಅಡ್ಡ ಹಿಡಿದು ಮತ್ತೆ ಹಚ್ಚಿದರು. ಪಾದ್ರಿ ಪುಸ್ತಕ ತೆರೆದು ಪ್ರಾರ್ಥನೆ ಆರಂಭಿಸಿ, ನಡುವೆ ತಡೆದರು.

"ಹೆಸರು, ಅಮ್ಮ?"

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವಂತಿಲ್ಲ. ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲ. ಪ್ರತಿವರ್ಷ ಮಗ, ಅಂದರೆ ಸ್ಟೆಲ್ಲಾರ ಗಂಡ ಜೋಸೆಫ್, ಹೇಳುತ್ತಿದ್ದರಂತೆ. ಅವರ ಲಾರಿ ಆ ದಿನ ಇನ್ನೂ ಚಿತ್ತೂರು ದಾಟಿರಲಿಲ್ಲ. ಇದೂ ಒಂದು ಅನ್ಯಾಯವೆಂದು, ಹೆಣ್ಣಿನ ನಾಲಗೆಯ ಮೇಲೆ ಹಾಕಿದ ಬೀಗವೆಂದು ನಾನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಅಲ್ಲಿ ಹೇಳಲಿಲ್ಲ. ನಿನ್ನೆಯಿಂದ ಆರೋಗ್ಯಮ್ಮನವರ ಗಂಡನ ಸಾವಿನ ವಿವರಗಳನ್ನೆಲ್ಲ ಕೇಳಿದ್ದ ನನಗೂ ಆ ಹೆಸರು ಗೊತ್ತಿರಲಿಲ್ಲ.

"ಫೋನ್ ಮಾಡ್ಲಾ ಅವ್ರಿಗೆ?" ಎಂದು ಸ್ಟೆಲ್ಲಾ ಪಿಸುಗುಟ್ಟಿದರು.

"ಬಿರ್‍ನೆ, ಬಿರ್‍ನೆ" ಎಂದು ನಾರಾಯಣಪ್ಪ ರಸ್ತೆಯತ್ತ ನೋಡಿದರು.

ಆರೋಗ್ಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತಂತಿಯನ್ನು ಎರಡೂ ಕೈಗಳಿಂದ ಹಿಡಿದರು. "ಸವರಿಮುತ್ತು" ಎಂದರು. ಪಿಸುಮಾತಿನಷ್ಟು ಸಣ್ಣ ಸ್ವರ. ಪಾದ್ರಿಗೆ ಕೇಳಿಸಿತು, ಅವರು ಪ್ರಾರ್ಥನೆ ಮುಂದುವರಿಸಿ ನೀರು ಚಿಮುಕಿಸಿದರು. ಆದರೆ ಆಕೆಗೆ ಸಾಲಲಿಲ್ಲ. ಎಲ್ಲ ಮುಗಿಯಿತೆಂದು ನಾವು ತಿರುಗುವಷ್ಟರಲ್ಲಿ ಬೇಲಿಗೆ ಮುಖವೊತ್ತಿ, ಲೈನಿನ ಆಚೆ ತುದಿಯಲ್ಲಿರುವವರನ್ನು ಊಟಕ್ಕೆ ಕರೆಯುವಂತೆ ಕೂಗಿದರು: "ಸವರಿಮುತ್ತೂ!"

ನಾರಾಯಣಪ್ಪ ತಲೆಯ ಟೋಪಿ ತೆಗೆದರು.

ಆರೋಗ್ಯಮ್ಮ ಸೊಸೆಯತ್ತ ತಿರುಗಿದರು. "ನೀನೂ ಯೋಳು."

"ಅಯ್ಯೋ ಅತ್ತೆ, ನಾನ್ಯಾಕೆ..."

"ಯೋಳೇ. ಜೋಸೆಫ್ ಇನ್ನೊಂದ್ ವರ್ಷ ಬರ್ದಿದ್ರೆ? ನಾನಿಲ್ದಿದ್ರೆ? ಅವ್ರೇನ್ ಬೈಯಲ್ಲ, ಯೋಳು."

ಆ ಮಧ್ಯಾಹ್ನವೇ ನನಗೆ ರೈಲಿತ್ತು. ಕ್ಯಾಮೆರಾ ಪಡೆದುಕೊಂಡು, ಅದನ್ನು ಚೀಲದಿಂದ ತೆಗೆಯದೆಯೇ ಆಟೋ ಹತ್ತಿದೆ. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಇಬ್ಬರು ಹೆಂಗಸರೂ ಒಂದೇ ಕೊಡೆಯಡಿ ಬೇಲಿಯ ಬಳಿಯೇ ನಿಂತಿದ್ದರು. ಅತ್ತೆಯ ಕೈ ಸೊಸೆಯ ಬೆನ್ನ ಮೇಲಿತ್ತು. ಸ್ಟೆಲ್ಲಾ ಗಣಿ ಬಾಯಿಯತ್ತ ಬಾಗಿ, ಮೊದಲು ಮೆಲ್ಲಗೆ, ಆಮೇಲೆ ನನಗೂ ಕೇಳಿಸುವಷ್ಟು ಜೋರಾಗಿ, ಆ ಹೆಸರನ್ನು ಕರೆದರು.