ವ್ಯಾಲೆಂಟೈನರು ಬಗ್ಗಿಸಿದ ಟರ್ಬೊ ಪೈಪು

ಕಾಪುವಿನ ಹೆದ್ದಾರಿ ಬದಿಯ ಹಂಚಿನ ಮಾಡಿನ ಕೆಳಗೆ ವ್ಯಾಲೆಂಟೈನರು ಇಪ್ಪತ್ತೆಂಟು ವರ್ಷ ಸೈಲೆನ್ಸರ್ ಕಟ್ಟಿದವರು. ಬಸ್ಸಿರಲಿ, ಲಾರಿಯಿರಲಿ, ಹೊಗೆ ಪೈಪು ತೂತಾಯಿತೆಂದರೆ ಗಾಡಿ ತಂದು ಅವರ ಅಂಗಳದಲ್ಲೇ ನಿಲ್ಲಿಸಬೇಕು. ಕ್ರಿಸ್ತುವರನ್ನು ಕರೆಯುವ ರೂಢಿಯಂತೆ ಊರಿಗೆಲ್ಲ ಅವರು ಪೊರ್ಬುಗಳು. ಓದಿದ್ದು ಐದನೆಯ ತರಗತಿ. ಆದರೆ ಎಂಜಿನ್ ಎರಡು ಸಲ ಕೆಮ್ಮಿದರೆ ಸಾಕು, ಪೈಪು ಎಲ್ಲಿ ಕಟ್ಟಿಕೊಂಡಿದೆ ಎಂದು ಬೆರಳಿಟ್ಟು ತೋರಿಸುವ ಕಿವಿ ಅವರದು.

ಎಂಬತ್ತಾರನೆಯ ಇಸವಿಯ ಹೊತ್ತಿಗೆ ಉಡುಪಿಯ ಅಂಗಡಿಗಳಿಗೆ ರಟ್ಟಿನ ಪೆಟ್ಟಿಗೆಯಲ್ಲಿ ರೆಡಿಮೇಡ್ ಸೈಲೆನ್ಸರ್ ಬಂದು ಕೂತಿತು. ವ್ಯಾಲೆಂಟೈನರ ಕುಲುಮೆ ವಾರಕ್ಕೆ ನಾಲ್ಕು ದಿನ ತಣ್ಣಗೆ ಬಿದ್ದುಕೊಂಡಿತು. ಹೆಂಡತಿ ಇಮೆಲ್ಡಾಬಾಯಿಯ ಅಣ್ಣ ಬೆಂಜಮಿನ್ ಕಲ್ಯಾಣಪುರದ ಹೊಳೆ ಬದಿಯ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಲ್ಲಿ ಗೇಟು ಕಾಯುವ ಕೆಲಸ ಖಾಲಿಯಿತ್ತು. ಈ ತಿಂಗಳೊಳಗೆ ಹೆಸರು ಉಳಿಯುವಂಥ ಒಂದು ಕೆಲಸ ಕೈಗೂಡದಿದ್ದರೆ ಅಂಗಡಿಗೆ ಬೀಗ, ಗೇಟಿಗೆ ವ್ಯಾಲೆಂಟೈನ್ ಎಂದು ಗಂಡಹೆಂಡಿರ ನಡುವೆ ಮಾತಾಗಿತ್ತು.

ಆಗ ಬಂದವನು ಇದ್ರೀಸ್. ದುಬೈಯ ಗ್ಯಾರೇಜಿನಲ್ಲಿ ದುಡಿಯುವ ಊರ ಹುಡುಗ. ರಜೆಗೆ ಬರುವಾಗ ಎಲ್ಲರೂ ಟೇಪ್ ರೆಕಾರ್ಡರ್ ತಂದರೆ ಇವನು ಬಟ್ಟೆಯಲ್ಲಿ ಸುತ್ತಿ ಒಂದು ಟರ್ಬೊ ತಂದಿದ್ದ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೇ ತಿರುಗಿ, ಅದೇ ಎಂಜಿನ್ನಿಗೆ ಗಾಳಿ ತುರುಕುವ, ಬಸವನಹುಳದ ಚಿಪ್ಪಿನಂಥ ಸಾಮಾನು. ಅದನ್ನು ತಂದೆಯ ಡೀಸೆಲ್ ಅಂಬಾಸಡರಿಗೆ ತಾನೇ ಜೋಡಿಸಿದ್ದ.

"ಎಂತ ಮಾರಾಯ, ಗಾಡಿ ಸೀಟಿ ಹೊಡೆಯುತ್ತದಲ್ಲ?" ಎಂದರು ವ್ಯಾಲೆಂಟೈನರು.

"ಸೀಟಿ ಮಾತ್ರ ಪೊರ್ಬುಗಳೇ, ದಮ್ಮು ಇಲ್ಲ. ಕಾರ್ಕಳದಿಂದ ಬರುವಾಗ ಪರ್ಕಳದ ಏರಿನಲ್ಲಿ ಉಮ್ಮ ಇಳಿದು ನಡೆದರು. ಮಣಿಪಾಲ ಮುಟ್ಟಿದ್ದು ಉಮ್ಮನೇ ಮೊದಲು."

ವ್ಯಾಲೆಂಟೈನರು ಬಗ್ಗಿ ಕೆಳಗೆ ನೋಡಿದರು. ಟರ್ಬೊದ ಬಾಯಿಗೆ ಇದ್ರೀಸ್ ಕಾರಿನ ಹಳೆಯ ಸಪೂರ ಪೈಪನ್ನೇ ಸಿಕ್ಕಿಸಿದ್ದ. "ಮೂಗಿಗೆ ಹತ್ತಿ ತುರುಕಿ ಓಡು ಎಂದರೆ ಯಾರು ಓಡುತ್ತಾರೆ? ಎರಡೂವರೆ ಇಂಚಿನದ್ದು ಬೇಕು."

"ಅದು ಉಡುಪಿಯ ಯಾವ ಅಂಗಡಿಯಲ್ಲೂ ಇಲ್ಲ. ಶುಕ್ರವಾರ ನಾನು ಬೊಂಬಾಯಿ ಬಸ್ಸು ಹತ್ತಬೇಕು. ಆಗದಿದ್ದರೆ ಟರ್ಬೊ ಕಳಚಿ ಅಟ್ಟಕ್ಕೆ ಹಾಕುವುದೇ."

ಗುಜರಿಗೆ ಹೋದ ಬಸ್ಸಿನ ಎರಡು ತುಂಡು ಪೈಪು ಅಂಗಡಿಯಲ್ಲಿತ್ತು. ಟರ್ಬೊದಿಂದ ಇಳಿದ ಕೂಡಲೇ ಗೇರ್‌ಬಾಕ್ಸಿನ ಪಕ್ಕ ಪೈಪು ಮೊಣಕೈಯಂತೆ ಮಡಚಬೇಕು. ಬರಿ ಪೈಪು ಬಗ್ಗಿಸಿದರೆ ಚಪ್ಪಟೆಯಾಗುತ್ತದೆ. ಒಳಗೆ ಒಣ ಮರಳು ಗಿಡಿದು, ಎರಡೂ ಬಾಯಿಗೆ ಮರದ ಬಿರಡೆ ಹೊಡೆದು, ಕೆಂಪಗೆ ಕಾಯಿಸಿ ಬಗ್ಗಿಸಬೇಕು. ಅದಕ್ಕೆ ಕಲ್ಯಾಣಪುರದ ಹೊಳೆಯ ಮರಳೇ ಆಗಬೇಕೆಂಬುದು ವ್ಯಾಲೆಂಟೈನರ ಪಾಠ. ಕಡಲ ಮರಳು ಎಷ್ಟು ಒಣಗಿದಂತೆ ಕಂಡರೂ ಅದರ ಉಪ್ಪು ಗಾಳಿಯಿಂದ ನೀರು ಕುಡಿದಿರುತ್ತದೆ.

ಆದರೆ ಆ ದಿನ ಚೀಲ ಬರಿದಾಗಿತ್ತು. ಕಲ್ಯಾಣಪುರಕ್ಕೆ ಹೋದರೆ ಭಾವನ ಮುಖ ನೋಡಬೇಕು. ಕಡಲಾದರೆ ಸೈಕಲಿನಲ್ಲಿ ಹತ್ತೇ ನಿಮಿಷ. ವ್ಯಾಲೆಂಟೈನರು ಒಂದು ಬಕೆಟ್ ಮರಳು ತಂದು, ಬಿಸಿಲಿಗೆ ಹರಡಿ, ಪೈಪಿಗೆ ತುಂಬಿಬಿಟ್ಟರು.

ಪೈಪು ಕೆಂಪಾಗಿ ಅರ್ಧ ಬಗ್ಗಿತ್ತು. ಒಳಗಿನ ನೀರು ಆವಿಯಾಗಿ ಬಿರಡೆ ಢಮ್ಮೆಂದು ಹಾರಿ ಮಾಡಿನ ಹಂಚು ಒಡೆಯಿತು. ಮರಳು ಬುಸ್ಸೆಂದು ಸುರಿದು ಪೈಪು ಮೂಲೆಯಲ್ಲಿ ಚಪ್ಪಟೆಯಾಯಿತು. ಇಮೆಲ್ಡಾಬಾಯಿ ಸೌಟು ಹಿಡಿದೇ ಓಡಿಬಂದರು.

"ಯಾರಿಗೂ ಪೆಟ್ಟಾಗಲಿಲ್ಲವಲ್ಲ? ಯಾವ ಮರಳು ಹಾಕಿದ್ದು ನೀವು?"

"ಕಡಲಿನದ್ದು," ಎಂದರು ವ್ಯಾಲೆಂಟೈನರು, ನೆಲ ನೋಡುತ್ತ. "ತಪ್ಪು ನನ್ನದೇ ಇದ್ರೀಸ್. ಇನ್ನೊಂದೇ ತುಂಡು ಉಂಟು."

ಮರುದಿನ ಮೊದಲ ಬಸ್ಸಿಗೇ ಕಲ್ಯಾಣಪುರ. ಹೊಳೆಗೆ ಇಳಿಯುವ ದಾರಿ ಕಾರ್ಖಾನೆಯ ಮುಂದೆಯೇ.

"ಬನ್ನಿ ಭಾವ, ನಿಮಗೆ ಖಾಕಿ ಅಂಗಿ ಹೊಲಿಸಿ ಆಯಿತು," ಎಂದ ಬೆಂಜಮಿನ್.

"ನನಗೆ ಸದ್ಯಕ್ಕೆ ಒಂದು ಹಂಚು ಸಾಕು," ಎಂದು ವ್ಯಾಲೆಂಟೈನರು ಚೀಲ ಹೆಗಲಿಗೇರಿಸಿ ಹೊಳೆಗಿಳಿದರು.

ಆ ಮರಳನ್ನು ಇಮೆಲ್ಡಾಬಾಯಿಯೇ ದೊಡ್ಡ ಬಾಣಲೆಗೆ ಹಾಕಿ ಅಕ್ಕಿ ಹುರಿದಂತೆ ಹುರಿದರು. ಹಿಡಿ ಹಿಡಿಯಾಗಿ ಬೆರಳ ಸಂದಿನಿಂದ ಸುರಿಸಿ, "ಇನ್ನೂ ಅಂಟುತ್ತದೆ," ಎಂದು ಎರಡು ಸಲ ತಿರುಗಿ ಒಲೆಗೇರಿಸಿದರು. ಬೇಡದ ಅಂಗಡಿಯಾಗಿದ್ದರೆ ಅಷ್ಟು ಬೆವರು ಯಾಕೆ ಸುರಿಸುತ್ತಿದ್ದರು?

ಎರಡನೆಯ ಪೈಪು ಬಾಳೆಗೊನೆಯ ದಂಟಿನಂತೆ ದುಂಡಗೆ ಬಗ್ಗಿತು. ಒಳಗಿನ ಮರಳನ್ನು ತಟ್ಟಿ ತಟ್ಟಿ ಒಂದು ಕಾಳೂ ಉಳಿಯದಂತೆ ತೆಗೆದು ಗ್ಯಾಸ್ ವೆಲ್ಡಿಂಗ್ ಮಾಡಿದರು. ಸೈಲೆನ್ಸರಿನ ಹೊಟ್ಟೆಯಲ್ಲಿ ಅಭ್ಯಾಸದಂತೆ ಮೂರು ಅಡ್ಡಗೋಡೆ ಇಡಹೊರಟಾಗ ಇದ್ರೀಸ್ ಕೈ ಹಿಡಿದ. "ಗೋಡೆ ಬೇಡ ಪೊರ್ಬುಗಳೇ, ಹೊಗೆ ಸೀದಾ ಹೋಗಲಿ." ಇಪ್ಪತ್ತೆಂಟು ವರ್ಷ ಗಾಡಿಗಳ ಬಾಯಿ ಮುಚ್ಚಿಸಿದ ಮನುಷ್ಯನಿಗೆ ಅದು ನುಂಗಲಾರದ ತುತ್ತು. ಆದರೂ ಗೋಡೆ ಬಿಟ್ಟು ತೂತಿನ ಕೊಳವೆಯೊಂದನ್ನೇ ಇಟ್ಟರು.

ಗುರುವಾರ ಬೆಳಿಗ್ಗೆ ಕಾರ್ಕಳಕ್ಕೆ ಹೋಗಿ ತಿರುಗಿದರು. ಹಿಂದೆ ಇದ್ರೀಸನ ತಾಯಿ ಖದೀಜಮ್ಮ, ಪಕ್ಕದಲ್ಲಿ ಇಮೆಲ್ಡಾಬಾಯಿ. ಪರ್ಕಳದ ಏರು ಬಂದಾಗ ಖದೀಜಮ್ಮ ಚಪ್ಪಲಿ ಮೆಟ್ಟಿ ತಯಾರಾದರು.

"ಕೂತುಕೊಳ್ಳಿ ಖದೀಜಮ್ಮ!" ಎಂದರು ವ್ಯಾಲೆಂಟೈನರು. ಅವರ ಕೈ ಮಾತ್ರ ಬಾಗಿಲನ್ನು ಗಟ್ಟಿ ಹಿಡಿದಿತ್ತು.

ಇದ್ರೀಸ್ ಮೂರನೆಯ ಗೇರಿನಲ್ಲೇ ಕಾಲೊತ್ತಿದ. ಸೀಟಿ ಏರಿತು. ಹಿಂದೆ ಕಪ್ಪು ಹೊಗೆ ಕಾಣಲಿಲ್ಲ. ಗುಡುಗುಡು ಎನ್ನುವ ಗಂಟಲು ಬಂದ ಕಾರು ಗೇರು ಇಳಿಸದೆಯೇ ತಿರುವು ದಾಟಿ ಮಣಿಪಾಲದ ತಲೆ ಮುಟ್ಟಿತು.

"ಅಲ್ಲಾ, ಎಂತ ಶಬ್ದ ಮಾರಾಯ! ಆದರೆ ಹತ್ತಿತು," ಎಂದು ಖದೀಜಮ್ಮ ಎದೆ ನೀವಿಕೊಂಡರು.

ಕಾರು ನಿಂತದ್ದೇ ವ್ಯಾಲೆಂಟೈನರು ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಪೈಪಿನ ಬಾಯಿಗೆ ಅಂಗೈ ಒಡ್ಡಿ ಹೊಗೆಯ ಬಡಿತ ನೋಡತೊಡಗಿದರು.

ಇಮೆಲ್ಡಾಬಾಯಿ ಇಳಿದು ಬಂದು ಬೆನ್ನ ಹಿಂದೆ ನಿಂತರು. "ಅಣ್ಣನಿಗೆ ನಾನೇ ಹೇಳುತ್ತೇನೆ, ಗೇಟಿಗೆ ಬೇರೆ ಜನ ನೋಡಲಿ ಅಂತ. ನೀವು ಹೋದರೆ ಜಗಳ ಮಾಡಿ ಬರುತ್ತೀರಿ."

ವ್ಯಾಲೆಂಟೈನರಿಗೆ ಅದು ಕೇಳಿಸಲಿಲ್ಲ. "ಇದ್ರೀಸ್, ಇನ್ನೊಮ್ಮೆ ಕಾಲೊತ್ತು ಮಾರಾಯ!" ಎಂದು ಕೂಗಿದರು.